ಟೀ ಕುಡಿದ ಮೇಲೆ ಮುಟ್ಟು

ಮುಚ್ಚಳ ತೆಗೆದ ಕೂಡಲೇ ಸುಟ್ಟ ವಾಸನೆ ಮೂಗಿಗೆ ಹೊಡೆಯಿತು. ಅಕ್ಕನಿಗೆ ಆ ವಾಸನೆ ಹೊಸದೇನಲ್ಲ. ಈ ಕಸುಬಿಗೆ ಬಂದವರ ಬಟ್ಟೆಗೂ ಕೂದಲಿಗೂ ಅದು ಅಂಟಿಕೊಂಡೇ ಇರುತ್ತದೆ. ಆದರೆ ತಾನೇ ವಿನ್ಯಾಸ ಮಾಡಿದ, ತಾನೇ ಒಂದೊಂದು ಬಿಡಿಭಾಗ ಆರಿಸಿ ಜೋಡಿಸಿದ ಪೆಟ್ಟಿಗೆಯೊಳಗಿಂದ ಅದು ಬಂದದ್ದು ಇದೇ ಮೊದಲು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ಅವಳೂ ಮೊದಲು ಬೇರೆಯವರ ತಪ್ಪನ್ನೇ ಹುಡುಕಿದಳು.

"ಸಾಗಿಸೋವಾಗ ಎಲ್ಲೋ ಎತ್ತಿ ಹಾಕಿರ್ಬೇಕು," ಅಂದಳು.

"ಎತ್ತಿ ಹಾಕಿದ್ರೆ ಮೂಲೆ ಜಜ್ಜಿರ್ಬೇಕಿತ್ತು," ಅಂದಳು ಎದುರು ಮೇಜಿನ ಸೋಲ್ಡರಮ್ಮ. "ಇದು ಒಳಗಿಂದ್ಲೇ ಬೆಂದಿದೆ."

ಇಡೀ ದಿನ ಬೆಸುಗೆ ಕಡ್ಡಿ ಹಿಡಿದು ಕೂರುವ ಆ ಹೆಂಗಸಿಗೆ ಇನ್ನೊಂದು ಹೆಸರಿತ್ತು ಎಂಬುದೇ ಎಲ್ಲರಿಗೂ ಮರೆತುಹೋಗಿತ್ತು. ಹಾಗೆಯೇ ಇಲ್ಲಿ ಅಕ್ಕ ಎಲ್ಲರಿಗೂ ಅಕ್ಕ. ಮನೆಯಲ್ಲಿ ತಮ್ಮನಿಗೂ ಅಕ್ಕನೇ. ಅವರ ಅಂಗಡಿಯೆಂದರೆ ಮುದ್ರಣಾಲಯದ ಮಹಡಿಯ ಮೇಲಿನ ಎರಡು ಕೋಣೆ, ಕೆಳಗಿನ ಯಂತ್ರ ಓಡಿದಾಗಲೆಲ್ಲ ನಡುಗುವ ನೆಲ, ಗಾಳಿ ಬೀಸಿದರೆ ದಡಬಡ ಅನ್ನುವ ತಗಡಿನ ಕಿಟಕಿ. ಅವತ್ತು ಬೆಳಗಿನಿಂದ ಅದು ಒಂದು ಗಳಿಗೆಯೂ ಸುಮ್ಮನಿರಲಿಲ್ಲ.

ಅಲ್ಲಿ ತಯಾರಾಗುತ್ತಿದ್ದದ್ದು ಆಕ್ಸಿಜನ್ ಮೆಷಿನ್ನಿನ ಪವರ್ ಸಪ್ಲೈ. ಕೋಣೆಯ ಗಾಳಿಯನ್ನು ಎಳೆದುಕೊಂಡು, ಸೋಸಿ, ಸಣ್ಣ ಕೊಳವೆಯಲ್ಲಿ ರೋಗಿಯ ಮೂಗಿಗೆ ಆಮ್ಲಜನಕ ಕೊಡುವ ಮೆಷಿನ್ ಅದು. ಗೋಡೆಯ ಕರೆಂಟನ್ನು ಆ ಮೆಷಿನ್ನಿಗೆ ಹೊಂದುವ ಹಾಗೆ ಮಾಡಿ ಕೊಡುವುದು ಇವರ ಪೆಟ್ಟಿಗೆಯ ಕೆಲಸ. ಪೆಟ್ಟಿಗೆ ಕೈಕೊಟ್ಟರೆ ಮೆಷಿನ್ ನಿಲ್ಲುತ್ತದೆ. ಮೆಷಿನ್ ನಿಂತರೆ ಏನಾಗುತ್ತದೆ ಎಂದು ಅಕ್ಕನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಬಸ್ಸು ಓಡಿಸಿ ಓಡಿಸಿ, ಹೊಗೆ ಧೂಳು ಕುಡಿದು ಕುಡಿದು ಶ್ವಾಸಕೋಶ ಕಳೆದುಕೊಂಡ ಅವಳ ಅಪ್ಪ ಅದೇ ಕೊಳವೆಯನ್ನು ಮೂಗಿಗೆ ಸಿಕ್ಕಿಸಿಕೊಂಡು ಮನೆಯಲ್ಲಿ ಕೂತಿದ್ದರು. ಅವರ ಮೆಷಿನ್ನಿನ ಕೆಳಗೆ ಇದ್ದದ್ದೂ ಇದೇ ಪೆಟ್ಟಿಗೆ.

ಅಸಲಿಗೆ ಈ ಹೊಸ ಪೆಟ್ಟಿಗೆ ಹುಟ್ಟಿದ್ದೇ ಅಪ್ಪನಿಗಾಗಿ. ಹಳೆಯದರಲ್ಲಿ ಕೆಪಾಸಿಟರ್ ಚಿಕ್ಕದು. ಕೆಪಾಸಿಟರ್ ಅಂದರೆ ಕರೆಂಟು ತುಂಬಿಡುವ ಕೊಡ ಅಂದುಕೊಳ್ಳಿ. ನಲ್ಲಿ ನಿಂತಾಗ ಕೊಡದ ನೀರೇ ಗತಿ. ಕೊಡ ಚಿಕ್ಕದಾದ್ದರಿಂದ ಕರೆಂಟು ಕಣ್ಣು ಮಿಟುಕಿಸಿದರೂ ಸಾಕು, ಮೆಷಿನ್ ನಿಂತು ಅಲಾರಾಂ ಕಿರುಚುತ್ತಿತ್ತು, ಅಪ್ಪ ಬೆಚ್ಚಿಬೀಳುತ್ತಿದ್ದರು, ಬೆಚ್ಚಿಬಿದ್ದದ್ದಕ್ಕೇ ಉಸಿರು ಸಿಕ್ಕಿಹಾಕಿಕೊಳ್ಳುತ್ತಿತ್ತು. ಅದನ್ನು ನೋಡಲಾರದೆ ಅಕ್ಕ ದೊಡ್ಡ ಕೊಡ ಹುಡುಕಿದಳು. ಮುದುಕಿಯರು ಬದನೆಕಾಯಿ ಆರಿಸುವ ಹಾಗೆ ಒಂದೊಂದು ಕಂಪನಿಯ ಮಾದರಿ ತರಿಸಿ, ಕಾಯಿಸಿ, ಅಳೆದು, ನಾಕನ್ನು ತಿರಸ್ಕರಿಸಿ ಒಂದನ್ನು ಒಪ್ಪಿದಳು. ನಾನೂರು ವೋಲ್ಟ್ ಸಾಕು ಅಂದವರಿಗೆ ನಾನೂರೈವತ್ತೇ ಬೇಕು ಅಂದಳು. ಬಿಸಿ ತಾಳುವ ದರ್ಜೆಯೂ ಒಂದು ಮೆಟ್ಟಿಲು ಮೇಲಿನದೇ. ಅವಳ ಹಟಕ್ಕೆ ಎಲ್ಲರೂ ನಕ್ಕರು. ಪೆಟ್ಟಿಗೆ ಬಂದ ಮೇಲೆ ಅಪ್ಪನ ಮನೆಯಲ್ಲಿ ಅಲಾರಾಂ ಕಿರುಚುವುದು ನಿಂತಿತು, ನಕ್ಕವರೂ ಬಾಯಿ ಮುಚ್ಚಿಕೊಂಡರು.

ಈಗ ಅದೇ ಪೆಟ್ಟಿಗೆಯ ಒಡಹುಟ್ಟು ಇನ್ನೊಬ್ಬ ರೋಗಿಯ ಮನೆಯಿಂದ ಹೆಣವಾಗಿ ವಾಪಸ್ಸು ಬಂದಿತ್ತು.

ಅಕ್ಕ ಒಂದೊಂದನ್ನೇ ಮೀಟರಿಗೆ ಹಿಡಿದಳು. ಕೆಪಾಸಿಟರ್ ಕಲ್ಲುಗುಂಡಿನ ಹಾಗಿತ್ತು. ಸಿಡಿಲಿನ ಹೊಡೆತ ತಡೆಯಲು ಕರೆಂಟು ಒಳಬರುವ ದಾರಿಯಲ್ಲೇ ಕೂರಿಸಿದ್ದ ನೀಲಿ ಬಿಲ್ಲೆಗೂ ಏನೂ ಆಗಿರಲಿಲ್ಲ, ಅಂದರೆ ಸಿಡಿಲಲ್ಲ. ಫ್ಯೂಸು ಮಾತ್ರ ಒಳಗೆಲ್ಲ ಕಪ್ಪಾಗಿತ್ತು, ಅದರ ಹಿಂದೆ ಕರೆಂಟನ್ನು ಒಂದೇ ದಿಕ್ಕಿಗೆ ಹರಿಸುವ ರೆಕ್ಟಿಫೈಯರ್ ಎರಡು ಸೀಳಾಗಿತ್ತು. ಖಾಲಿ ಕೆಪಾಸಿಟರಿಗೆ ಒಂದೇ ಸಲಕ್ಕೆ ಪ್ರವಾಹ ನುಗ್ಗಿದರೆ ಹೀಗಾಗುತ್ತದೆ. ಆದರೆ ನುಗ್ಗದಿರಲಿ ಎಂದೇ ಬಾಗಿಲಲ್ಲಿ ಥರ್ಮಿಸ್ಟರ್ ಎಂಬ ಕರಿ ಬಿಲ್ಲೆ ಇತ್ತಲ್ಲ! ಸ್ವಿಚ್ ಹಾಕಿದ ಮೊದಲ ಗಳಿಗೆ ಕರೆಂಟನ್ನು ತಡೆದು ತಡೆದು ಬಿಡುವುದು, ಆಮೇಲೆ ತಾನು ಬಿಸಿಯಾಗಿ ದಾರಿ ಕೊಡುವುದು, ಇದು ಅದರ ಕೆಲಸ. ನೋಡಿದರೆ ಅದೂ ನೆಟ್ಟಗಿತ್ತು.

"ಆ ಮನೆಯವರು ಏನಂದ್ರು?" ಅಕ್ಕ ಕೇಳಿದಳು.

"ಕರೆಂಟು ಹೋಯ್ತಂತೆ," ಅಂದಳು ಸೋಲ್ಡರಮ್ಮ. " ಅಯ್ಯೋ ಅನ್ನೋಷ್ಟ್ರಲ್ಲಿ ಬಂತಂತೆ. ಬಂದಿದ್ದೇ ತಡ ಫಟ್ ಅಂತಂತೆ. ಪುಣ್ಯಕ್ಕೆ ಆಕ್ಸಿಜನ್ ಸಿಲಿಂಡರ್ ತುಂಬಿತ್ತು, ಅಜ್ಜಿ ಉಳ್ಕೊಂಡ್ರು."

ಅಷ್ಟರಲ್ಲಿ ಯಜಮಾನರು ಟೀ ತಂದಿಟ್ಟರು. ಈ ಅಂಗಡಿಯಲ್ಲಿ ಟೀ ತರುವುದು ಯಜಮಾನರೇ, ಅದಕ್ಕೊಂದು ಕಾರಣವೂ ಇತ್ತು. ಹರೆಯದಲ್ಲಿ ಅವರು ಸ್ವಿಚ್ ಆಫ್ ಮಾಡಿದ ಪೆಟ್ಟಿಗೆಗೆ ಕೈ ಹಾಕಿ, ಕೆಪಾಸಿಟರಿನಲ್ಲಿ ಉಳಿದಿದ್ದ ಕರೆಂಟು ಹೊಡೆದು, ಗೋಡೆಗೆ ಹೋಗಿ ಬಿದ್ದಿದ್ದರು. ಅಂದಿನಿಂದ ಅಂಗಡಿಗೆ ಒಂದೇ ಕಾನೂನು: ಆಫ್ ಮಾಡು, ಟೀ ಕುಡಿ, ಆಮೇಲೆ ಮುಟ್ಟು. ಅಷ್ಟು ಹೊತ್ತಿಗೆ ಕೆಪಾಸಿಟರ್ ಬರಿದಾಗಿರುತ್ತದೆ. ಟೀ ಇಳಿಯದೆ ಯಾರೂ ಯಾವ ಪೆಟ್ಟಿಗೆಯನ್ನೂ ಮುಟ್ಟಿದ್ದಿಲ್ಲ, ಮತ್ತೆ ಸ್ವಿಚ್ ಹಾಕಿದ್ದೂ ಇಲ್ಲ.

ಅಕ್ಕ ಲೋಟ ಬಾಯಿಗಿಟ್ಟವಳು ಹಾಗೇ ಕೆಳಗಿಟ್ಟಳು.

"ಯಜಮಾನ್ರೇ, ಬಿಸಿ ಇರೋ ಪೆಟ್ಟಿಗೇನ ಆಫ್ ಮಾಡಿ, ತಕ್ಷಣ ಆನ್ ಮಾಡಿ ನೋಡಿದ್ದೀವಾ ನಾವು? ಒಂದ್ಸಲನಾದ್ರೂ?"

"ತಕ್ಷಣ ಯಾರಮ್ಮ ಮುಟ್ತಾರೆ? ಟೀ ಕುಡಿದ ಮೇಲೆ..."

ಮಾತು ಅರ್ಧಕ್ಕೇ ನಿಂತಿತು. ಅವರಿಗೂ ಹೊಳೆದಿತ್ತು. ಟೀ ಕುಡಿಯುವಷ್ಟರಲ್ಲಿ ಕೆಪಾಸಿಟರ್ ಬರಿದಾಗುವುದಷ್ಟೇ ಅಲ್ಲ, ಥರ್ಮಿಸ್ಟರೂ ತಣ್ಣಗಾಗುತ್ತದೆ. ತಣ್ಣಗಿದ್ದರೆ ಅದು ಕಾವಲುಗಾರ, ಬಿಸಿಯಿದ್ದರೆ ಬರೀ ತಂತಿ. ಕರೆಂಟು ಹೋದೊಡನೆ ಓಡುತ್ತಿರುವ ಮೆಷಿನ್ ಕೊಡದ ಬಹುಪಾಲನ್ನು ಕ್ಷಣದಲ್ಲಿ ಹೀರಿಬಿಡುತ್ತದೆ, ಬಿಲ್ಲೆ ಮಾತ್ರ ಬಿಸಿಯಾಗಿಯೇ ಇರುತ್ತದೆ. ಅಂಗಡಿಯಲ್ಲಿ ಪ್ರತಿ ಸಲವೂ ಎಚ್ಚರವಾಗಿದ್ದ ಕಾವಲುಗಾರನನ್ನೇ ಪರೀಕ್ಷೆ ಮಾಡಿ ಭೇಷ್ ಅಂದಿದ್ದರು. ಮನೆಗಳಲ್ಲಿ ಕರೆಂಟು ಟೀ ಕುಡಿದು ಬರುವುದಿಲ್ಲ.

ಹಳೆಯ ಚಿಕ್ಕ ಕೆಪಾಸಿಟರ್ ಆಗಿದ್ದರೆ ಆ ನುಗ್ಗಾಟವನ್ನು ರೆಕ್ಟಿಫೈಯರ್ ಹೇಗೋ ತಡೆದುಕೊಳ್ಳುತ್ತಿತ್ತು. ಕೊಡವನ್ನು ದೊಡ್ಡದು ಮಾಡಿದವಳು ಅಕ್ಕ.

ಪರೀಕ್ಷೆಯ ಮೇಜಿನ ಮೇಲೆ ಬೆಳಗಿನಿಂದ ಎರಡು ಪೆಟ್ಟಿಗೆಗಳು ಮೆಷಿನ್ನಿನಷ್ಟೇ ಲೋಡ್ ಹೊತ್ತು, ಮುಚ್ಚಳವಿಲ್ಲದೆ ಓಡುತ್ತಿದ್ದವು. ಅಕ್ಕ ಎದ್ದು ಹೋಗಿ ಒಂದರ ಸ್ವಿಚ್ ಆಫ್ ಮಾಡಿದಳು. ಯಜಮಾನರು "ಬೇಡಮ್ಮಾ" ಅನ್ನುತ್ತಿದ್ದ ಹಾಗೇ ಮತ್ತೆ ಹಾಕಿದಳು.

ಫಟ್!

ಕೋಣೆಯ ದೀಪ ಒಮ್ಮೆ ಕುಗ್ಗಿ ಮೇಲೆದ್ದಿತು. ಸೋಲ್ಡರಮ್ಮ ಎದೆ ಹಿಡಿದುಕೊಂಡಳು. ಹೊಸ ಹೊಗೆ ಹಳೆಯ ಹೊಗೆಯ ಜೊತೆ ಸೇರಿಕೊಂಡಿತು. ಆಗ ಕಿಟಕಿಯ ತಗಡು ಜೋರಾಗಿ ಬಡಿಯಿತು, ಅಕ್ಕನಿಗೆ ಹೊರಗಿನ ಗಾಳಿಯ ನೆನಪಾಯಿತು. ಇಂಥ ಗಾಳಿಗೆ ಅಪ್ಪನ ಮನೆಯ ಬೀದಿಯಲ್ಲಿ ತಂತಿಗೆ ತಂತಿ ತಾಗಿ ಕರೆಂಟು ಹೋಗುವುದು, ಬರುವುದು ಮಾಮೂಲು. ಅವಳು ಫೋನಿಗೆ ಕೈ ಹಾಕಿದಳು.

"ಮನೆಗೆ ಫೋನ್ ಮಾಡು," ಅಂದರು ಯಜಮಾನರು. ಅವರು ಹೇಳುವಷ್ಟರಲ್ಲಿ ಅವಳು ಮಾಡಿಯಾಗಿತ್ತು.

ತಮ್ಮ ಎತ್ತಲಿಲ್ಲ. ಅವನು ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಹಾಕುವವನು. ಮೆಷಿನ್ ತುಳಿಯುತ್ತಿದ್ದರೆ ಆಕಾಶ ಕಳಚಿಬಿದ್ದರೂ ಕೇಳಿಸುವುದಿಲ್ಲ. ಎರಡನೆಯ ಸಲಕ್ಕೆ ಎತ್ತಿದ.

"ಏನಕ್ಕಾ, ಕೈಲಿ ಕೆಲಸ ಇದೆ."

"ಅಲ್ಲಿ ಕರೆಂಟು?"

"ಮಿಣಮಿಣ ಅಂತಿದೆ. ಆದ್ರೂ ನಿನ್ನ ಪೆಟ್ಟಿಗೆ ಗಟ್ಟಿ ಬಿಡು, ಕಿರುಚ್ಲೇ ಇಲ್ಲ."

"ಕೇಳಿಲ್ಲಿ. ಕರೆಂಟು ಹೋಗಿ ಮೆಷಿನ್ ನಿಂತ್ರೆ, ಆ ಕ್ಷಣಾನೇ ಗೋಡೆ ಸ್ವಿಚ್ಚು..."

ಆ ಕಡೆ ಅಲಾರಾಂ ಕಿರುಚಿತು. ಎಷ್ಟೋ ದಿನದಿಂದ ಕೇಳಿರದ ಆ ಸದ್ದು ಫೋನಿನಲ್ಲಿ ಕಿವಿ ಕೊರೆಯಿತು.

"ಹೋಯ್ತು ಅಕ್ಕಾ."

"ಆಫ್ ಮಾಡು! ಸ್ವಿಚ್ ಆಫ್ ಮಾಡೋ! ಓಡು!"

ಕತ್ತರಿ ನೆಲಕ್ಕೆ ಬಿದ್ದ ಸದ್ದು, ಸ್ಟೂಲು ಉರುಳಿದ ಸದ್ದು. "ಮಾಡ್ದೆ." ಒಂದು ಉಸಿರಿನಷ್ಟು ಅಂತರ. "ಓ, ಕರೆಂಟ್ ಬಂತು. ಹಾಕ್ತೀನಿ ಇರು."

"ಬೇಡ! ಹಾಕಿದ್ರೆ ಸುಟ್ಟುಹೋಗತ್ತೆ. ಅದು ತಣ್ಣಗಾಗ್ಬೇಕು. ಅಲ್ಲೀ ತನಕ ಸಿಲಿಂಡರ್ ಕೊಡು."

ಆ ಕಡೆ ಕಬ್ಬಿಣ ನೆಲಕ್ಕೆ ಉಜ್ಜಿದ ಸದ್ದು.

"ಸಿಲಿಂಡರ್ ಕೊಡೋ!"

"ಕೊಡ್ತಿದ್ದೀನಿ. ಮೀಟರಿನ ಮುಳ್ಳು ತಳ ಮುಟ್ಟಿದೆ ಅಕ್ಕ. ನಾಳೆ ತುಂಬಿಸೋಣ ಅಂತಿದ್ದೆ."

ನಾಳೆ ಎಂದವನ ಮನೆ ಹಾಳು ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದು ನಿಂತಿತು. ನುಂಗಿಕೊಂಡಳು. ಬೇರೆ ಮನೆ ಮಾಡಿಕೊಂಡು, ಭಾನುವಾರ ಬಂದು ಹಣ್ಣು ಕೊಟ್ಟು ಹೋಗುವವಳಿಗೆ, ದಿನವಿಡೀ ಅಪ್ಪನ ಮಲಮೂತ್ರ ನೋಡಿಕೊಳ್ಳುವವನನ್ನು ಬೈಯುವ ಬಾಯಿ ಎಲ್ಲಿಂದ ಬರಬೇಕು?

ಫೋನು ಕಿವಿಯಲ್ಲಿಟ್ಟುಕೊಂಡೇ ತಿರುಗಿದಳು. ಸೋಲ್ಡರಮ್ಮ ಯಾರೂ ಹೇಳದೆಯೇ ಒಂದು ಕೆಲಸ ಮಾಡಿದ್ದಳು. ತಮ್ಮ "ಮಾಡ್ದೆ" ಅಂದದ್ದು ಈಚೆಗೂ ಕೇಳಿಸಿತ್ತು. ಅದೇ ಗಳಿಗೆಗೆ ಮೇಜಿನ ಮೇಲೆ ಓಡುತ್ತಿದ್ದ ಎರಡನೆಯ ಪೆಟ್ಟಿಗೆಯನ್ನೂ ಆಫ್ ಮಾಡಿದ್ದಳು. "ಇದು ಆರಿದ್ರೆ ಅದೂ ಆರಿರತ್ತೆ," ಅಂದಳು. ಮನೆಯ ಪೆಟ್ಟಿಗೆ ಕಣ್ಣಿಗೆ ಕಾಣದು. ಅದರ ಅವಳಿ ಇಲ್ಲೇ ಇತ್ತು.

ಅಕ್ಕ ಅದರೊಳಗೆ ಬೆರಳು ತೂರಿಸಿದಳು.

"ಏಯ್, ಕೆಪಾಸಿಟರ್ ಬರಿದಾಗಿದೆಯೋ ಇಲ್ವೋ!" ಯಜಮಾನರು ಕೂಗಿದರು. ಅವರ ಕಾನೂನನ್ನು ಆ ಅಂಗಡಿಯಲ್ಲಿ ಮುರಿದದ್ದು ಅವತ್ತೇ ಮೊದಲು, ಅದೂ ಒಂದೇ ಮಧ್ಯಾಹ್ನ ಎರಡೆರಡು ಸಲ. ಕರೆಂಟು ಹೊಡೆಯಲಿಲ್ಲ. ಆದರೆ ಕರಿ ಬಿಲ್ಲೆ ಕಾದ ಕಾವಲಿಯ ಹಾಗೆ ಚುರ್ ಅನ್ನಿಸಿತು, ಬೆರಳು ತಾನಾಗಿ ಹಿಂದೆ ಬಂತು.

"ಇನ್ನೂ ಸುಡ್ತಿದೆ. ಕಾಯಿ," ಅಂದಳು ಫೋನಿನಲ್ಲಿ.

"ಎಷ್ಟೊತ್ತು?"

ಬಾಯಿಗೆ ಬಂದದ್ದನ್ನೇ ಹೇಳಿದಳು. "ಒಂದು ಟೀ ಕುಡಿಯೋಷ್ಟು."

"ಅಪ್ಪ ಇಲ್ಲಿ ಉಸಿರಿಗೆ ಒದ್ದಾಡ್ತಿದ್ದಾರೆ, ನೀನು ಟೀ ಅಂತೀಯಲ್ಲೇ!" ಅವನ ದನಿ ಒಡೆಯಿತು. "ಕರೆಂಟಿದೆ. ಮೆಷಿನ್ ಇದೆ. ಸ್ವಿಚ್ ಕೈಗೆ ಸಿಗ್ತಿದೆ. ಯಾಕೆ ಹಾಕ್ಬಾರ್ದು? ಗಟ್ಟಿಮುಟ್ಟು ಪೆಟ್ಟಿಗೆ ಅಂತ ನೀನೇ ತಂದು ಕೂರಿಸಿದ್ದಲ್ವಾ?"

"ನಾನೇ. ತಪ್ಪೂ ನಂದೇ. ಬಿಸಿ ಇರೋವಾಗ ಹಾಕಿದ್ರೆ ಸಾಯತ್ತೆ ಅಂತ ಈಗಷ್ಟೇ ಗೊತ್ತಾಯ್ತು. ನನ್ನ ಕಣ್ಣೆದುರಿಗೇ ಒಂದು ಸತ್ತಿದೆ. ಅಲ್ಲೂ ಸತ್ರೆ ಅಪ್ಪನಿಗೆ ಮೆಷಿನ್ನೂ ಇಲ್ಲ, ಸಿಲಿಂಡರೂ ಇಲ್ಲ. ನನ್ನ ಆಮೇಲೆ ಬೈಯಿ. ಈಗ ಮುಟ್ಬೇಡ."

ಅವನು ಫೋನಿನ ಸ್ಪೀಕರ್ ಹಾಕಿ ಅಪ್ಪನ ಪಕ್ಕ ಎಲ್ಲೋ ಇಟ್ಟ ಸದ್ದಾಯಿತು. ಈಗ ಅವಳಿಗೆ ಕೇಳಿಸುತ್ತಿದ್ದದ್ದು ಸಿಲಿಂಡರಿನ ಸಣ್ಣ ಸುಯ್ ಸದ್ದು, ಅದರ ಮೇಲೆ ಅಪ್ಪನ ಉಸಿರು. ಆ ಉಸಿರು ಏರುದಾರಿಯಲ್ಲಿ ಹಳೇ ಬಸ್ಸು ಏದುವ ಹಾಗೆ ಏದುತ್ತಿತ್ತು. ಸ್ವಲ್ಪ ಹೊತ್ತಿನಲ್ಲಿ ಸುಯ್ ಸದ್ದು ಸಣ್ಣಗಾಗಿ ನಿಂತೇಹೋಯಿತು. ಉಸಿರು ಮಾತ್ರ ಉಳಿಯಿತು.

ಅಕ್ಕ ಮತ್ತೆ ಬೆರಳಿಟ್ಟಳು. ಮೂರು ಎಣಿಸುವ ಮೊದಲೇ ತೆಗೆದಳು. ಮತ್ತೆ ಇಟ್ಟಳು. ಬೇಯುವ ತನಕ ಕಾದವರಿಗೆ ಆರುವ ತನಕ ಕಾಯಲಾಗದೇ ಎಂದು ಚಿಕ್ಕವಳಿದ್ದಾಗ ಅಪ್ಪನೇ ಹೇಳುತ್ತಿದ್ದರು. ಬಿಸಿ ಅನ್ನಕ್ಕೆ ಕೈ ಹಾಕಿ ಅತ್ತಾಗ ಅವಳ ಬೆರಳಿಗೆ ಉಫ್ ಉಫ್ ಅಂತ ಊದುತ್ತಾ ಹೇಳುತ್ತಿದ್ದರು. ಅಷ್ಟು ಉಸಿರಿತ್ತು ಆಗ ಅವರಲ್ಲಿ. ಅವಳು ಬಗ್ಗಿ ಆ ಕರಿ ಬಿಲ್ಲೆಗೆ ಊದಿದಳು. ಊದಿದ ಮೇಲೆ ಹೊಳೆಯಿತು: ಮನೆಯ ಪೆಟ್ಟಿಗೆಗೆ ಯಾರೂ ಊದುತ್ತಿಲ್ಲವಲ್ಲ! ಇದು ಅದಕ್ಕಿಂತ ಬೇಗ ಆರಿಬಿಟ್ಟರೆ ಲೆಕ್ಕವೇ ತಪ್ಪಿಹೋಗುತ್ತದೆ. ಬಾಯಿ ಬಿಗಿಹಿಡಿದು ನಿಂತಳು.

"ಅಕ್ಕಾ, ತುಟಿ ನೀಲಿ ಆಗ್ತಿದೆ," ದೂರದಿಂದ ತಮ್ಮನ ದನಿ. "ಸಾಕು, ನಾನು ಹಾಕ್ತೀನಿ."

"ಬೇಡ ಕಣೋ, ಕೈ ಮುಗೀತೀನಿ."

ಏನೋ ಎಳೆದಾಡಿದ ಸದ್ದು. ಹಾಕಿಯೇ ಬಿಟ್ಟನೇ? ಫಟ್ ಎಂಬ ಸದ್ದಿಗಾಗಿ ಅವಳ ಕಿವಿ ಕಾಯುತ್ತಿತ್ತು, ಅದು ಬರಬಾರದೆಂದು ಎದೆ ಹೊಡೆದುಕೊಳ್ಳುತ್ತಿತ್ತು. ಸದ್ದು ಬರಲಿಲ್ಲ. ಅಪ್ಪನ ಉಸಿರೂ ಕೇಳಿಸಲಿಲ್ಲ.

ಈಗ ಬಿಲ್ಲೆಯ ಮೇಲೆ ಬೆರಳು ನಿಲ್ಲುತ್ತಿತ್ತು. ಬೆಚ್ಚಗಿತ್ತು. ಜ್ವರ ಬಿಟ್ಟ ಮಗುವಿನ ಹಣೆಯಷ್ಟು ಬೆಚ್ಚಗೆ. ಇದು ಸಾಕೇ? ಸಾಲದೇ? ಓದಿದ ಪುಸ್ತಕದಲ್ಲಿ ಇದಕ್ಕೊಂದು ನಕ್ಷೆ ಇತ್ತು. ಆ ಗಳಿಗೆಯಲ್ಲಿ ಅದರ ಒಂದು ಗೆರೆಯೂ ನೆನಪಿಗೆ ಬರಲಿಲ್ಲ.

"ಪಕ್ಕಕ್ಕೆ ಬಾಮ್ಮ," ಅಂದರು ಯಜಮಾನರು. "ಸಾಯೋದಾದ್ರೆ ಮೊದ್ಲು ಇದು ಸಾಯಲಿ. ಇದು ಬದುಕಿದ್ರೆ ಅದನ್ನ ಹಾಕೋಕೆ ಹೇಳು." ಟೀ ಮುಗಿಯದೆ ಯಾರಿಗೂ ಮುಟ್ಟಗೊಡದ ಆ ಮನುಷ್ಯ ತಾವೇ ಸ್ವಿಚ್ ಹಾಕಿದರು.

ಟಿಕ್. ಹಸಿರು ದೀಪ ಹತ್ತಿತು. ಪೆಟ್ಟಿಗೆ ಗುಂಯ್ ಅಂದಿತು, ಅನ್ನುತ್ತಲೇ ಇತ್ತು.

"ಹಾಕೋ! ಈಗ ಹಾಕು!"

ಫೋನಿನ ಆ ಕಡೆ ಟಿಕ್ ಎಂಬ ಸದ್ದು. ಆಮೇಲೆ ಮೆಷಿನ್ನಿನ ಗೊರಗೊರ ಶುರುವಾಯಿತು. ಅಕ್ಕ ಮೇಜಿನ ಅಂಚು ಹಿಡಿದುಕೊಂಡು ಕಾದಳು. ಬಹಳ ಹೊತ್ತಿನ ಮೇಲೆ ತಮ್ಮ ಫೋನು ಕೈಗೆತ್ತಿಕೊಂಡ.

"ಕೊಳವೇಲಿ ಗಾಳಿ ಬರ್ತಿದೆ. ಅಪ್ಪ ಎಳ್ಕೊಳ್ತಿದ್ದಾರೆ."

"ನಾನು ಬರ್ತೀನಿ. ಮತ್ತೆ ಕರೆಂಟ್ ಹೋದ್ರೆ..."

"ಗೊತ್ತು. ಆಫ್ ಮಾಡಿ ಕಾಯ್ಬೇಕು." ಅವನು ಫೋನಿಟ್ಟ.

ಸೋಲ್ಡರಮ್ಮ ಆಗಲೇ ಈ ಪೆಟ್ಟಿಗೆ ಹೋದ ಮನೆಮನೆಗೂ ಫೋನು ಹಚ್ಚುತ್ತಿದ್ದಳು. "ಕರೆಂಟ್ ಹೋದ ಕೂಡ್ಲೇ ಆಫ್ ಮಾಡಿ, ಟೀ ಕುಡಿದ ಮೇಲೆ ಹಾಕಿ. ಹೂಂ ಸಾರ್, ಟೀನೇ. ತಮಾಷೆ ಅಲ್ಲ ಸಾರ್. ಸಿಲಿಂಡರ್ ತುಂಬಿದೆ ತಾನೇ?" ಯಜಮಾನರು ವ್ಯಾನಿನ ಬೀಗದಕೈ ಹುಡುಕಿದರು. ಅಕ್ಕ ಕಪಾಟಿನ ತಳದಿಂದ ಚಿಕ್ಕ ಕೆಪಾಸಿಟರಿನ ಹಳೇ ಪೆಟ್ಟಿಗೆಯೊಂದನ್ನು ಎಳೆದು, ವ್ಯಾನು ಹತ್ತಿ ಮಡಿಲಿಗಿಟ್ಟುಕೊಂಡಳು. ದಾರಿಯಲ್ಲಿ ತುಂಬಿದ ಸಿಲಿಂಡರ್ ಹಾಕಿಸಿಕೊಂಡರು.

"ನನ್ನ ಟೀನೇ ಈ ತಪ್ಪನ್ನ ಮುಚ್ಚಿಟ್ಟಿತ್ತು," ಅಂದರು ಯಜಮಾನರು ಸ್ಟಿಯರಿಂಗ್ ತಿರುಗಿಸುತ್ತಾ.

"ನಿಮ್ಮ ಟೀ ಇಲ್ದಿದ್ರೆ ನಮ್ಮಲ್ಲೇ ಯಾರೋ ಒಬ್ರು ಇಷ್ಟೊತ್ತಿಗೆ ಗೋಡೆ ಮೇಲಿನ ಫೋಟೋ ಆಗಿರ್ತಿದ್ರು," ಅಂದಳು ಅಕ್ಕ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು. ಈಗ ಯಾರನ್ನು ಅಂದು ಏನು ಪ್ರಯೋಜನ? ದಾರಿಯುದ್ದಕ್ಕೂ ಬೀದಿಯ ಅಂಗಡಿಗಳ ದೀಪಗಳು ಹೋಗಿ ಬಂದು ಮಾಡುತ್ತಿದ್ದವು. ಪ್ರತಿ ಸಲ ಹೋದಾಗಲೂ ಅವಳ ಜೀವ ಬಾಯಿಗೆ ಬರುತ್ತಿತ್ತು.

ಮನೆಯ ಬಾಗಿಲು ತೆರೆದೇ ಇತ್ತು. ಅರ್ಧ ಹೊಲಿದ ಅಂಗಿ ನೆಲದ ಮೇಲಿತ್ತು, ಸ್ಟೂಲು ಇನ್ನೂ ಮಗುಚಿ ಬಿದ್ದಿತ್ತು. ಒಳಕೋಣೆಯಿಂದ ಮೆಷಿನ್ನಿನ ಗೊರಗೊರ ಕೇಳಿಸಿದಾಗಲೇ ಅವಳು ಪೂರ್ತಿ ಉಸಿರು ತೆಗೆದುಕೊಂಡದ್ದು.

ಅಪ್ಪ ಮಂಚದ ತಲೆಗಡೆಗೆ ಒರಗಿದ್ದರು. ಕಣ್ಣು ಮುಚ್ಚಿತ್ತು, ಎದೆ ಏರಿಳಿಯುತ್ತಿತ್ತು, ತುಟಿಗೆ ಬಣ್ಣ ಮರಳಿತ್ತು. ಎಡಗೈ ಮಾತ್ರ ಮೇಲಕ್ಕೆ ಚಾಚಿ, ತಲೆಯ ಪಕ್ಕದ ಗೋಡೆಯ ಸ್ವಿಚ್ಚಿನ ಮೇಲೆ ಅಂಗೈ ಅಗಲಿಸಿ ಕೂತಿತ್ತು. ತಮ್ಮ ಮಂಚದ ಕಾಲಿಗೆ ಒರಗಿ ನೆಲದ ಮೇಲೆ ಕುಳಿತಿದ್ದ. ಅಕ್ಕನನ್ನು ನೋಡಿದರೂ ಏಳಲಿಲ್ಲ.

"ಸದ್ಯ, ನನ್ನ ಮಾತು ಕೇಳಿ ಕಾದೆಯಲ್ಲ," ಅಂದಳು ಅಕ್ಕ. ಹಳೇ ಪೆಟ್ಟಿಗೆಯನ್ನು ಕೆಳಗಿಟ್ಟಳು. "ನೀನು ಕಾಯದೇ ಇದ್ದಿದ್ರೆ..."

"ನಾನು ಕಾಯ್ಲಿಲ್ಲ ಅಕ್ಕ." ಅವನು ತಲೆ ಎತ್ತಲಿಲ್ಲ. "ಹಾಕೋದಕ್ಕೇ ಹೋದೆ. ಅಪ್ಪ ಸ್ವಿಚ್ ಮೇಲೆ ಕೈ ಅಡ್ಡ ಇಟ್ಬಿಟ್ರು. ಎಳೆದೆ, ಬಿಡ್ಲಿಲ್ಲ. ಮಾತಾಡೋಕೆ ಉಸಿರಿರ್ಲಿಲ್ಲ ಅವರಿಗೆ. ಫೋನ್ ಕಡೆ ಕಣ್ಣು ತೋರಿಸಿದ್ರು, ಬೇಡ ಅಂತ ತಲೆ ಅಲ್ಲಾಡಿಸಿದ್ರು. ಅಷ್ಟು ಬಲ ಎಲ್ಲಿಂದ ಬಂತೋ. ನೀನು ಹಾಕು ಅಂತ ಕೂಗಿದ ಮೇಲೇನೇ ಕೈ ತೆಗೆದದ್ದು. ಹಾಕಿದ ಮೇಲೆ ಮತ್ತೆ ಅಲ್ಲೇ ಇಟ್ಕೊಂಡಿದ್ದಾರೆ, ಕರೆಂಟ್ ಹೋದ ತಕ್ಷಣ ಆಫ್ ಮಾಡೋಕೆ."

ಯಜಮಾನರು ಸಿಲಿಂಡರನ್ನು ಸದ್ದಾಗದ ಹಾಗೆ ಮೂಲೆಗಿಟ್ಟು ಹೊರಗೆ ಹೋದರು. ಅಕ್ಕ ಮಂಚದ ಹತ್ತಿರ ಬಂದಳು. ಹಳೇ ಪೆಟ್ಟಿಗೆ ಹಾಕಬೇಕೆಂದರೆ ಮೆಷಿನ್ ಆಫ್ ಮಾಡಬೇಕು, ಆಫ್ ಮಾಡಬೇಕೆಂದರೆ ಆ ಕೈ ಸರಿಸಬೇಕು. ಬೊಬ್ಬೆ ಎದ್ದ ಬೆರಳಿನಿಂದ ಮೆಲ್ಲಗೆ ಅದನ್ನು ಮುಟ್ಟಿದಳು. ಅಪ್ಪ ಕಣ್ಣು ಬಿಟ್ಟರು.

"ಬಂದ್ಯಾ?" ಒಂದೊಂದು ಮಾತಿಗೂ ಒಂದೊಂದು ಉಸಿರು. "ಬೇರೆ ಮನೆಯವರಿಗೆ... ಹೇಳಿದ್ಯಾ?"

"ಹೇಳ್ತಿದ್ದಾರೆ ಅಪ್ಪ." ಅವಳ ಕಣ್ಣಿನ ನೀರು ಅವರ ಮುಂಗೈ ಮೇಲೆ ಬಿತ್ತು. "ಈ ಹಳೇದನ್ನ ಹಾಕ್ತೀನಿ. ಸ್ವಲ್ಪ ದಿನ ಮತ್ತೆ ಕಿರುಚತ್ತೆ."

"ಕಿರುಚ್ಲಿ ಬಿಡು," ಅಂದರು ಅಪ್ಪ. ಆಮೇಲೆ ಉಸಿರು ಕೂಡಿಸಿಕೊಂಡು ಕೇಳಿದರು, "ಈಗ ತೆಗೀಲಾ ಕೈ?"

ತಮ್ಮ ಎದ್ದು ಸಿಲಿಂಡರಿನ ಕೊಳವೆಯನ್ನು ಅಪ್ಪನ ಮೂಗಿಗೆ ಹಚ್ಚಿ, ತಿರುಪು ತಿರುಗಿಸಿ, ಮುಳ್ಳು ನೋಡಿದ. ಅಕ್ಕ ಹೂಂ ಅಂದಳು. ಆಗಲೇ ಅಪ್ಪ ಕೈ ತೆಗೆದದ್ದು.